ಅಟ್ಟದ ಮೇಲಿರುವ ಕೃತಕ ಕಾಲು ಇನ್ನೊಬ್ಬರಿಗೆ ಆಗಬೇಕಾದರೆ ಜಿಲ್ಲೆಗೊಂದು ಕೋಣೆ ಬೇಕು

ಗೆ,
ನಿರ್ದೇಶಕರು, ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ, ಕರ್ನಾಟಕ ಸರ್ಕಾರ.

ಹಾಗೆಯೇ, ಈಗ ಯಾರೂ ಬಳಸದ ಕೃತಕ ಕಾಲು, ಕ್ಯಾಲಿಪರ್ (ಬಲ ಇಲ್ಲದ ಕಾಲಿಗೆ ಆಸರೆಯಾಗಿ ಕಟ್ಟುವ ಕಂಬಿ-ಪಟ್ಟಿ), ಬೆಲ್ಟು, ವಾಕರ್ ಮನೆಯಲ್ಲಿ ಇಟ್ಟುಕೊಂಡಿರುವ ಎಲ್ಲರಿಗೂ.

ಮಾನ್ಯರೇ, ನಮಸ್ಕಾರ.

ನಾನು ಕೃತಕ ಕಾಲು ಮತ್ತು ಕ್ಯಾಲಿಪರ್ ಮಾಡುವ ಕೆಲಸದವನು. ದಾವಣಗೆರೆ ಕಡೆಯವನು. ಪ್ಲಾಸ್ಟರ್ ಅಚ್ಚು ತೆಗೆಯುವುದು, ಪ್ಲಾಸ್ಟಿಕ್ ಶೀಟು ಬಿಸಿ ಮಾಡಿ ಅಚ್ಚಿನ ಮೇಲೆ ಎಳೆಯುವುದು, ಪಟ್ಟಿ ಹೊಲಿಯುವುದು, ಕಾಲು ಕಟ್ಟಿಕೊಂಡವರನ್ನು ಎರಡು ಕಂಬಿಗಳ ಮಧ್ಯೆ ನಡೆಸಿ ನೋಡುವುದು ನನ್ನ ದಿನದ ಕೆಲಸ. ಈ ಪತ್ರ ಬರೆಯುವುದಕ್ಕೆ ಕಾರಣ ಜನ ನನ್ನನ್ನು ಮತ್ತೆ ಮತ್ತೆ ಕೇಳುವ ಒಂದು ಪ್ರಶ್ನೆ. "ಸರ್, ಅಪ್ಪ ಹೋದ್ರು. ಅವರ ಕಾಲು ಹಾಗೇ ಇದೆ. ಯಾರಿಗಾದ್ರೂ ಕೊಡಬಹುದಾ?" ಅಪ್ಪನ ಜಾಗದಲ್ಲಿ ಕೆಲವು ಸಲ ಅಜ್ಜಿ ಇರುತ್ತಾರೆ. ಕೆಲವು ಸಲ ಯಾರೂ ಹೋಗಿರುವುದಿಲ್ಲ, ಮಗು ಬೆಳೆದು ಡೊಂಕು ಪಾದಕ್ಕೆ ಹಾಕುತ್ತಿದ್ದ ಶೂ ಚಿಕ್ಕದಾಗಿರುತ್ತದೆ, ಇಲ್ಲವೇ ಬೆನ್ನಿನ ಆಪರೇಷನ್ ಆದವರು ಗುಣವಾಗಿ ಬೆಲ್ಟು ಬಿಚ್ಚಿಟ್ಟಿರುತ್ತಾರೆ.

ಕೊಡಿ, ಖಂಡಿತ ಕೊಡಿ ಅಂತ ಹೇಳಬೇಕು ಅನ್ನಿಸುತ್ತದೆ. ಆದರೆ ಎಲ್ಲಿಗೆ ಕೊಡಿ ಅಂತ ಹೇಳಲಿ? ಹಳೆ ಬಟ್ಟೆಗೆ ಜಾಗ ಇದೆ, ಹಳೆ ಪುಸ್ತಕಕ್ಕೆ ಜಾಗ ಇದೆ, ಕಣ್ಣು ದಾನಕ್ಕೆ ಒಂದು ಫೋನ್ ಮಾಡಿದರೆ ಮನೆಗೇ ಬರುತ್ತಾರೆ. ಬಳಸಿದ ಕೃತಕ ಕಾಲನ್ನು ತೆಗೆದುಕೊಂಡು, ಪರೀಕ್ಷೆ ಮಾಡಿ, ಸರಿಯಾದ ಮನುಷ್ಯನಿಗೆ ಸರಿಯಾಗಿ ಕಟ್ಟಿ ಕಳಿಸುವ ಒಂದು ಸರ್ಕಾರಿ ಕೋಣೆ ನಮ್ಮ ಕಡೆ ಇಲ್ಲ. ಆ ಕೋಣೆ ಬೇಕು ಅಂತ ಕೇಳುವುದಕ್ಕೆ ಈ ಪತ್ರ. ಯಾಕೆ ಬೇಕು, ಅದರೊಳಗೆ ಏನಿರಬೇಕು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಮನೆಯವರ ಕಷ್ಟ ಹೇಳುತ್ತೇನೆ. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಅವರ ಹಾಸಿಗೆ, ಕೊಡೆ, ಚಪ್ಪಲಿ ದಾನ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ಇನ್ನು ಕೆಲವರು ಬಟ್ಟೆಬರೆ ಸುಟ್ಟುಬಿಡುತ್ತಾರೆ, ಇಲ್ಲ ಹೊಳೆಗೆ ಬಿಡುತ್ತಾರೆ. ಕೃತಕ ಕಾಲು ಇದರಲ್ಲಿ ಯಾವುದಕ್ಕೂ ಸೇರುವುದಿಲ್ಲ. ಅದನ್ನು ಸುಡುವುದಕ್ಕೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಎಷ್ಟೋ ವರ್ಷ ಅವರು ಅದರ ಮೇಲೇ ನಿಂತಿದ್ದರು. ಗುಜರಿಗೆ ಹಾಕುವುದಕ್ಕಂತೂ ಆಗುವುದೇ ಇಲ್ಲ. ಹಾಗಂತ ಕಣ್ಣೆದುರಿಗೆ ಇಟ್ಟುಕೊಳ್ಳುವುದಕ್ಕೂ ಆಗದೆ ಗೋಣಿಚೀಲದಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಾರೆ. ಅಲ್ಲಿ ರಬ್ಬರು ಒಣಗಿ ಬಿರುಕು ಬಿಡುತ್ತದೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ, ಸ್ಕ್ರೂ ತುಕ್ಕು ಹಿಡಿಯುತ್ತದೆ. ಕೊನೆಗೆ ನನ್ನ ಹತ್ತಿರ ಬರುವ ಹೊತ್ತಿಗೆ ಅದರಲ್ಲಿ ತೆಗೆಯುವಂಥದ್ದು ಏನೂ ಉಳಿದಿರುವುದಿಲ್ಲ. ಮೊದಲ ವರ್ಷವೇ ಕೊಟ್ಟಿದ್ದರೆ ಅರ್ಧಕ್ಕಿಂತ ಜಾಸ್ತಿ ಭಾಗ ಇನ್ನೊಬ್ಬರ ಕಾಲಿಗೆ ಆಗುತ್ತಿತ್ತು.

ಅರ್ಧ ಅಂದೆ, ಪೂರ್ತಿ ಅನ್ನಲಿಲ್ಲ. ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಕೃತಕ ಕಾಲು ಅಂದರೆ ಒಂದೇ ವಸ್ತು ಅಲ್ಲ. ಉಳಿದ ಕಾಲು, ನಾವು ಸ್ಟಂಪ್ ಅನ್ನುವುದು, ಒಳಗೆ ಕೂರುವ ಭಾಗ ಸಾಕೆಟ್. ಅದು ಆ ಒಬ್ಬ ಮನುಷ್ಯನ ಅಚ್ಚಿನಿಂದಲೇ ಆಗಿರುತ್ತದೆ. ಇನ್ನೊಬ್ಬರ ಹಲ್ಲಿನ ಸೆಟ್ಟು ನಿಮ್ಮ ಬಾಯಿಗೆ ಕೂರುತ್ತದಾ? ಸಾಕೆಟ್ ಕೂಡ ಹಾಗೇ. ಒಳಗೆ ಹಾಕುವ ಸಿಲಿಕೋನ್ ಲೈನರ್ ಚರ್ಮಕ್ಕೆ ತಾಗುತ್ತದೆ, ಬೆವರು ಹತ್ತಿರುತ್ತದೆ, ಅದನ್ನೂ ಇನ್ನೊಬ್ಬರಿಗೆ ಕೊಡಬಾರದು. ಸಾಕೆಟ್ ಕೆಳಗೆ ಬರುವುದೆಲ್ಲ ಬೇರೆ. ಲೋಹದ ಪೈಪು, ಅದನ್ನು ಜೋಡಿಸುವ ಅಡಾಪ್ಟರ್‌ಗಳು, ಕ್ಲಾಂಪು, ಪಾದ, ಮಂಡಿ ಮೇಲೆ ಕತ್ತರಿಸಿದವರಿಗಾದರೆ ಮಂಡಿ ಜಾಯಿಂಟು. ಇವು ಅಚ್ಚಿನವಲ್ಲ, ಕಂಪನಿಯಲ್ಲಿ ಅಳತೆ ಪ್ರಕಾರ ತಯಾರಾಗಿ ಬರುವ ಭಾಗಗಳು. ಅಲೆನ್ ಕೀ ಹಾಕಿ ಬಿಚ್ಚಿದರೆ ಬಿಡಿಬಿಡಿಯಾಗಿ ಬರುತ್ತವೆ. ಸರಿ ಇದ್ದರೆ ಹೊಸ ಸಾಕೆಟ್ ಕೆಳಗೆ ಮತ್ತೆ ಜೋಡಿಸಬಹುದು. ಇಡೀ ಕಾಲಿನಲ್ಲಿ ದುಬಾರಿ ಭಾಗವೂ ಸಾಮಾನ್ಯವಾಗಿ ಅದೇ ಮಂಡಿ ಜಾಯಿಂಟು. ಒಬ್ಬ ಕೂಲಿ ಕೆಲಸದವನು ಮಂಡಿ ಮೇಲೆ ಕಾಲು ಕಳೆದುಕೊಂಡಾಗ ಅವನನ್ನು ತಡೆದು ನಿಲ್ಲಿಸುವುದು ಅದರ ಬೆಲೆಯೇ.

ಜೈಪುರ ಕಾಲು ಕೊಡುತ್ತೇವೆ ಅಂತ ಬರುವವರಿಗೆ ಮಾತ್ರ ಬೇರೆ ಉತ್ತರ ಹೇಳಬೇಕಾಗುತ್ತದೆ. ಜೈಪುರದ ಸವಾಯಿ ಮಾನ್‌ಸಿಂಗ್ ಆಸ್ಪತ್ರೆಯಲ್ಲಿ ಕುಶಲಕರ್ಮಿ ರಾಮಚಂದ್ರ ಶರ್ಮಾ ಮತ್ತು ಡಾಕ್ಟರ್ ಪಿ.ಕೆ. ಸೇಥಿ ಸೇರಿ 1960ರ ದಶಕದಲ್ಲಿ ರೂಪಿಸಿದ ಪಾದ ಅದು. ಬರಿಗಾಲಲ್ಲಿ ನಡೆಯುವ, ಚಕ್ಕಳಮಕ್ಕಳ ಹಾಕಿ ಕೂರುವ, ಕೆಸರುಗದ್ದೆಗೆ ಇಳಿಯುವ ನಮ್ಮ ಜನರನ್ನು ನೋಡಿಯೇ ಮಾಡಿದ್ದು. 1975ರಲ್ಲಿ ಶುರುವಾದ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿ ಅದನ್ನು ಉಚಿತವಾಗಿ ಹಾಕುತ್ತಾ ಬಂದಿದೆ. ನನಗೆ ಆ ಕಾಲಿನ ಬಗ್ಗೆ ತುಂಬಾ ಗೌರವ ಇದೆ. ಆದರೆ ಅದರ ಸಾಕೆಟ್ಟು ಮತ್ತು ಕೆಳಕಾಲು ಸಾಮಾನ್ಯವಾಗಿ ಒಂದೇ ಪ್ಲಾಸ್ಟಿಕ್ ಪೈಪನ್ನು ಬಿಸಿ ಮಾಡಿ ಎಳೆದು ಮಾಡಿದ್ದು. ಬಿಚ್ಚಿ ಇನ್ನೊಬ್ಬರಿಗೆ ಜೋಡಿಸುವಂಥದ್ದು ಅದರಲ್ಲಿ ಕಡಿಮೆ. ಹಾಗೆ ಹೇಳಿದಾಗ ಮನೆಯವರ ಮುಖ ಬಾಡುತ್ತದೆ. ತಂದವರಿಗೆ ಸುಳ್ಳು ಸಮಾಧಾನ ಹೇಳುವುದಕ್ಕಿಂತ ಇದು ವಾಸಿ.

ಇನ್ನು ಲೋಹದ ಭಾಗ ಸರಿ ಇದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಕಣ್ಣಲ್ಲಿ ನೋಡಿದರೆ ಸಾಲದು. ಕಾಲಿನ ಈ ಭಾಗಗಳಿಗೆ ಐಎಸ್‌ಒ 10328 ಅಂತ ಅಂತರರಾಷ್ಟ್ರೀಯ ಮಾನದಂಡ ಇದೆ. ಅದರ ಪ್ರಕಾರ ಒಂದು ಭಾಗದ ಮೇಲೆ 30 ಲಕ್ಷ ಸಲ ಭಾರ ಹಾಕಿ ತೆಗೆದು ಪರೀಕ್ಷಿಸುತ್ತಾರೆ. ಲೆಕ್ಕ ಹಾಕಿ ನೋಡಿ. ಚೆನ್ನಾಗಿ ಓಡಾಡುವ ಮನುಷ್ಯ ಆ ಕಾಲಿನ ಮೇಲೆ ದಿನಕ್ಕೆ 3,000 ಹೆಜ್ಜೆ ಊರಿದರೆ 30 ಲಕ್ಷ ಅಂದರೆ 1,000 ದಿನ, ಮೂರು ವರ್ಷ ಕೂಡ ಆಗಲಿಲ್ಲ. ಪರೀಕ್ಷೆಯಲ್ಲಿ ಹಾಕುವ ಭಾರ ಮಾಮೂಲಿ ನಡಿಗೆಯ ಭಾರಕ್ಕಿಂತ ಜಾಸ್ತಿ ಇರುತ್ತದೆ, ಹಾಗಾಗಿ ಮೂರು ವರ್ಷಕ್ಕೆ ಮುರಿದೇ ಹೋಗುತ್ತದೆ ಅಂತ ಅರ್ಥ ಅಲ್ಲ. ಆದರೆ ಎಷ್ಟು ನಡೆದಿದೆ, ಎಷ್ಟು ಕಿಲೋ ತೂಕದವರ ಕೆಳಗಿತ್ತು ಅಂತ ಗೊತ್ತಿಲ್ಲದ ಜಾಯಿಂಟನ್ನು ಇನ್ನೊಬ್ಬರಿಗೆ ಸುಮ್ನೆ ಹಾಕಿ ಕಳಿಸಬಾರದು. ರಸ್ತೆ ದಾಟುವಾಗ ಅದು ಕೈಕೊಟ್ಟರೆ ಏನಾಗುತ್ತದೆ ಅಂತ ಯೋಚಿಸಿ. 50 ಕಿಲೋ ತೂಕದ ಅಜ್ಜಿಯೊಬ್ಬರು ಮನೆಯೊಳಗೆ ಮಾತ್ರ ಬಳಸಿದ ಮಂಡಿ ಜಾಯಿಂಟಿಗೂ, ಗಾರೆ ಕೆಲಸದವನು ಮೂಟೆ ಹೊತ್ತು ಬಳಸಿದ ಜಾಯಿಂಟಿಗೂ ತುಂಬಾ ವ್ಯತ್ಯಾಸ ಇದೆ. ಕೊಡುವವರು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದುಕೊಟ್ಟರೆ ನನ್ನಂಥವರ ಅರ್ಧ ಕೆಲಸ ಆದ ಹಾಗೆ.

ಇದೆಲ್ಲ ಕೃತಕ ಕಾಲಿನ ಮಾತಾಯಿತು. ನಿಜ ಹೇಳಬೇಕೆಂದರೆ ಮರುಬಳಕೆಗೆ ಇದಕ್ಕಿಂತ ಸುಲಭವಾದ ವಸ್ತುಗಳು ಬೇರೆ ಇವೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಡೊಂಕು ಪಾದದ ಮಕ್ಕಳ ಶೂ.

ಹುಟ್ಟುವಾಗಲೇ ಪಾದ ಒಳಕ್ಕೆ ತಿರುಚಿಕೊಂಡಿರುವುದನ್ನು ಡಾಕ್ಟರು ಕ್ಲಬ್‌ಫೂಟ್ ಅನ್ನುತ್ತಾರೆ. ಸುಮಾರು 800ರಿಂದ 1,000 ಮಕ್ಕಳಲ್ಲಿ ಒಂದು ಮಗುವಿಗೆ ಇದು ಇರುತ್ತದೆ. ಗ್ರಹಣದಲ್ಲಿ ತಾಯಿ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಅಂತ ಈಗಲೂ ಹೇಳುವವರಿದ್ದಾರೆ, ಆ ಮಾತಿಗೆ ಯಾವ ಆಧಾರವೂ ಇಲ್ಲ, ತಾಯಂದಿರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಅಮೆರಿಕದ ಅಯೋವಾದಲ್ಲಿ ಕೆಲಸ ಮಾಡಿದ ಡಾಕ್ಟರ್ ಇಗ್ನಾಸಿಯೊ ಪೊನ್ಸೆಟಿ ಕಂಡುಕೊಂಡ ವಿಧಾನದಲ್ಲಿ ವಾರಕ್ಕೊಂದು ಪ್ಲಾಸ್ಟರ್ ಹಾಕುತ್ತಾ, ಕೈಯಿಂದಲೇ ಪಾದವನ್ನು ನಿಧಾನವಾಗಿ ತಿರುಗಿಸುತ್ತಾ ಬರುತ್ತಾರೆ. ಕೆಲವೇ ವಾರಗಳಲ್ಲಿ ಪಾದ ನೇರವಾಗುತ್ತದೆ, ಹೆಚ್ಚಿನ ಮಕ್ಕಳಿಗೆ ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಟೆಂಡನ್) ಬಿಗಿಯಾಗಿರುವುದಕ್ಕೆ ಒಂದು ಚಿಕ್ಕ ಗಾಯದ ಆಪರೇಷನ್ ಬೇಕಾಗುತ್ತದೆ, ಅಷ್ಟೇ. ನಮ್ಮ ದೇಶದಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳನ್ನು ತಪಾಸಣೆ ಮಾಡಿ ಚಿಕಿತ್ಸೆ ಕೊಡಿಸುವ ತೊಂದರೆಗಳ ಪಟ್ಟಿಯಲ್ಲೂ ಇದು ಇದೆ.

ತೊಂದರೆ ಶುರುವಾಗುವುದು ಪ್ಲಾಸ್ಟರ್ ಮುಗಿದ ಮೇಲೆ. ನೇರವಾದ ಪಾದ ಮತ್ತೆ ಒಳಕ್ಕೆ ತಿರುಗಲು ನೋಡುತ್ತದೆ. ಅದನ್ನು ತಡೆಯುವುದಕ್ಕೆ ಎರಡು ಚಿಕ್ಕ ಶೂಗಳ ಮಧ್ಯೆ ಒಂದು ಕಂಬಿ ಇರುವ ಬ್ರೇಸ್ ಹಾಕಬೇಕು. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ಮಗು ಮಲಗಿರುವಾಗ, ಸುಮಾರು ನಾಲ್ಕು ವರ್ಷ ತುಂಬುವವರೆಗೆ. ಹಾಕುವುದನ್ನು ನಿಲ್ಲಿಸಿದರೆ ಡೊಂಕು ವಾಪಸ್ ಬರುವುದು ಹೆಚ್ಚು, ಈ ಕ್ಷೇತ್ರದವರೆಲ್ಲ ಒಪ್ಪುವ ಮಾತಿದು. ಹಾಲು ಕುಡಿಯುವ ಮಗುವಿನ ಪಾದ ಎಷ್ಟು ಬೇಗ ಬೆಳೆಯುತ್ತದೆ ಅಂತ ತಾಯಂದಿರಿಗೆ ನಾನು ಹೇಳಬೇಕಾಗಿಲ್ಲ. ಕೆಲವೇ ತಿಂಗಳಿಗೆ ಶೂ ಚಿಕ್ಕದಾಗುತ್ತದೆ. ಮುಂದಿನ ಸೈಜು ಸಿಗುವುದು ತಡವಾದರೆ, ಊರಿಂದ ಬರುವ ಬಸ್ ಚಾರ್ಜಿಗೆ ದುಡ್ಡು ಹೊಂದದಿದ್ದರೆ, ಸುಗ್ಗಿ ಅಂತ ಒಂದು ತಿಂಗಳು ಮುಂದೆ ಹೋದರೆ, ಅಷ್ಟರಲ್ಲಿ ಪಾದ ತಿರುಗಿಬಿಟ್ಟಿರುತ್ತದೆ. ಮತ್ತೆ ಮೊದಲಿಂದ ಪ್ಲಾಸ್ಟರ್.

ಅದೇ ಹೊತ್ತಿಗೆ ಪಕ್ಕದ ತಾಲ್ಲೂಕಿನ ಯಾವುದೋ ಮನೆಯಲ್ಲಿ ಅದೇ ಸೈಜಿನ ಶೂ ಮೂಲೆಯಲ್ಲಿ ಬಿದ್ದಿರುತ್ತದೆ. ನಾಲ್ಕೈದು ತಿಂಗಳು ಮಾತ್ರ ಬಳಸಿದ ಶೂ. ಇನ್ನೂ ನಡೆಯಲು ಕಲಿಯದ ಮಗುವಿನದ್ದು, ಅಟ್ಟೆ ಕೂಡ ಸವೆದಿರುವುದಿಲ್ಲ. ನನಗೆ ಸಂಕಟ ಆಗುವುದು ಇಲ್ಲೇ. ಈ ಬ್ರೇಸನ್ನು ದುಬಾರಿ ಯಂತ್ರ ಇಲ್ಲದೆ ಚಮ್ಮಾರರ ಕೈಯಲ್ಲೇ ಮಾಡಿಸಬಹುದಾದ ಹಾಗೆ ಉಗಾಂಡಾದಲ್ಲಿ ಮಿಖೀಲ್ ಸ್ಟೀನ್‌ಬೀಕ್ ಎಂಬವರು ರೂಪಿಸಿದರು, ಅವರ ಹೆಸರಲ್ಲೇ ಅದನ್ನು ಕರೆಯುತ್ತಾರೆ. ಚರ್ಮದ ಶೂ, ಕಬ್ಬಿಣದ ಕಂಬಿ, ಹಿಮ್ಮಡಿ ಕೆಳಗೆ ಕೂತಿದೆಯಾ ಅಂತ ನೋಡುವುದಕ್ಕೆ ಹಿಂದೆ ಒಂದು ತೂತು. ಇಷ್ಟು ಸರಳವಾದದ್ದನ್ನು ಒಂದು ಮಗುವಿಂದ ಇನ್ನೊಂದು ಮಗುವಿಗೆ ದಾಟಿಸಲು ನಮಗೆ ಆಗುತ್ತಿಲ್ಲ ಅಲ್ವಾ.

ಆದರೆ ಇದನ್ನೂ ತಾಯಿಯಿಂದ ತಾಯಿಗೆ ನೇರವಾಗಿ ಕೊಡುವುದು ಸರಿಯಲ್ಲ. ಡೊಂಕಾಗಿದ್ದ ಕಾಲಿನ ಶೂ 60ರಿಂದ 70 ಡಿಗ್ರಿ ಹೊರಕ್ಕೆ ತಿರುಗಿರಬೇಕು, ಸರಿ ಇರುವ ಕಾಲಿನದ್ದು 30ರಿಂದ 40 ಡಿಗ್ರಿ. ಒಂದು ಮಗುವಿಗೆ ಎಡಗಾಲು ಮಾತ್ರ ಡೊಂಕು, ಇನ್ನೊಂದಕ್ಕೆ ಎರಡೂ. ಮಧ್ಯದ ಕಂಬಿ ಮಗುವಿನ ಭುಜದಷ್ಟು ಅಗಲ ಇರಬೇಕು. ಕೋನ ತಪ್ಪಿದರೆ ಶೂ ಹಾಕಿಯೂ ಹಾಕದ ಹಾಗೆ. ಒಳಗಿನ ಮೆತ್ತೆಯನ್ನು ಬದಲಿಸಬೇಕು, ಬಕಲ್ಲು ಚರ್ಮಕ್ಕೆ ಒತ್ತುತ್ತದಾ ನೋಡಬೇಕು. ಗೊತ್ತಿರುವವರ ಕೈಯಲ್ಲಿ ಇದು ಅರ್ಧ ಗಂಟೆಯ ಕೆಲಸ.

ಬೆನ್ನಿನ ಬೆಲ್ಟು, ಗಟ್ಟಿ ಕುತ್ತಿಗೆ ಪಟ್ಟಿ, ಮಂಡಿ ಬ್ರೇಸ್, ವಾಕರ್, ಊರುಗೋಲು ಇವೆಲ್ಲ ಇನ್ನೂ ಸುಲಭ. ಬೆನ್ನಿನ ಆಪರೇಷನ್ ಆದವರು ಹೆಚ್ಚಾಗಿ ಕೆಲವು ತಿಂಗಳು ಮಾತ್ರ ಬೆಲ್ಟು ಹಾಕುತ್ತಾರೆ. ಕಂಬಿ ಗಟ್ಟಿ ಇದ್ದರೆ ಬಟ್ಟೆ, ಪಟ್ಟಿ, ವೆಲ್ಕ್ರೋ ಬದಲಿಸಿದರೆ ಮುಗಿಯಿತು. ಊರುಗೋಲಿಗೆ ಕೆಳಗಿನ ರಬ್ಬರ್ ಬುಷ್ ಹೊಸದು ಹಾಕಬೇಕು, ಸವೆದ ಬುಷ್ ಒದ್ದೆ ನೆಲದ ಮೇಲೆ ಜಾರುತ್ತದೆ.

ಪೋಲಿಯೋ ಆದವರ ಕ್ಯಾಲಿಪರ್ ಬಗ್ಗೆ ಎರಡು ಮಾತು ಹೇಳಲೇಬೇಕು. 2014ರಲ್ಲಿ ಭಾರತ ಪೋಲಿಯೋ ಮುಕ್ತ ಅಂತ ಘೋಷಣೆ ಆಯಿತು. ಬಹಳ ದೊಡ್ಡ ಕೆಲಸ ಅದು. ಆದರೆ ಅದಕ್ಕಿಂತ ಮುಂಚೆ ಪೋಲಿಯೋ ಬಂದವರು ಎಲ್ಲೂ ಹೋಗಿಲ್ಲ, ಎಷ್ಟೋ ಜನ ಈಗ ನಲವತ್ತು, ಐವತ್ತು, ಅರವತ್ತರ ವಯಸ್ಸಿನಲ್ಲಿದ್ದಾರೆ, ಅದೇ ಕಬ್ಬಿಣದ ಕಂಬಿ ಮತ್ತು ಚರ್ಮದ ಕ್ಯಾಲಿಪರ್ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ. ಅದನ್ನು ಕೈಯಲ್ಲಿ ಮಾಡಿಕೊಡುವ ಹಳೆಯ ಕೆಲಸಗಾರರು ನಮ್ಮ ಕಡೆ ಕಡಿಮೆಯಾಗುತ್ತಿದ್ದಾರೆ. ಪ್ಲಾಸ್ಟಿಕ್ಕಿನದ್ದು ಹಾಕಿಕೊಳ್ಳಿ ಅಂದರೆ ಎಷ್ಟೋ ಜನ ಒಪ್ಪುವುದಿಲ್ಲ, ನಲವತ್ತು ವರ್ಷ ದೇಹ ಅದಕ್ಕೇ ಹೊಂದಿಕೊಂಡಿರುತ್ತದೆ. ಅವರಿಗೆ ಹಳೆ ಕ್ಯಾಲಿಪರಿನ ಮಂಡಿ ಲಾಕು, ಪಕ್ಕದ ಕಂಬಿ ಸಿಕ್ಕರೆ ತುಂಬಾ ಉಪಕಾರ. ಚರ್ಮ ಹೊಸದು ಹಾಕಬಹುದು, ಲಾಕು ಸಿಗುವುದೇ ಕಷ್ಟ. ದಯವಿಟ್ಟು ಅದನ್ನು ಗುಜರಿಯವರಿಗೆ ಕಿಲೋ ಲೆಕ್ಕದಲ್ಲಿ ಹಾಕಬೇಡಿ.

ಈಗ ಎಚ್ಚರಿಕೆಯ ಮಾತು. ಕೆಲವರು ಒಳ್ಳೆಯ ಮನಸ್ಸಿನಿಂದಲೇ ಯಾರದೋ ಕಾಲು, ಯಾರದೋ ಪ್ಲಾಸ್ಟಿಕ್ ಸ್ಪ್ಲಿಂಟನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ದೊಡ್ಡದಾದರೆ ಬಟ್ಟೆ ತುರುಕಿಕೊಂಡು ನಡೆಯುತ್ತಾರೆ. ಸಕ್ಕರೆ ಕಾಯಿಲೆಯಿಂದ ಒಂದು ಕಾಲು ಕಳೆದುಕೊಂಡವರಿಗೆ ಇನ್ನೊಂದು ಕಾಲಿನಲ್ಲೂ ಸ್ಪರ್ಶ ಕಡಿಮೆ ಇರುವುದು ಸಾಮಾನ್ಯ. ಕುಷ್ಠ ರೋಗ ಬಂದು ವಾಸಿಯಾದವರಿಗೂ, ಬೆನ್ನುಹುರಿಗೆ ಪೆಟ್ಟಾದವರಿಗೂ ಹಾಗೇ. ಎಲ್ಲಿ ಒತ್ತುತ್ತಿದೆ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ. ಸಾಯಂಕಾಲ ಬಿಚ್ಚಿದಾಗ ಸಾಕ್ಸಿಗೆ ರಕ್ತ ಅಂಟಿರುತ್ತದೆ. ಆ ಹುಣ್ಣು ಎಲುಬಿಗೆ ಇಳಿದರೆ ಇನ್ನೊಂದು ಆಪರೇಷನ್, ಮಂಡಿ ಕೆಳಗೆ ಹೋಗಿದ್ದ ಕಾಲು ಮಂಡಿ ಮೇಲಕ್ಕೆ ಹೋಗುತ್ತದೆ. ಇಂಥ ಗಾಯಗಳನ್ನು ನಾನು ಕೈಯಾರೆ ತೊಳೆದಿದ್ದೇನೆ. ಹಾಗಾಗಿ ದಾನ ಕೊಡುವ ವೇದಿಕೆ, ಮಾಲೆ, ಫೋಟೋ ಇವುಗಳಿಗಿಂತ ಮುಂಚೆ ಅಳತೆ ತೆಗೆಯುವ ಮನುಷ್ಯ ಬೇಕು ಅಂತ ಅಷ್ಟು ಜೋರಾಗಿ ಹೇಳುತ್ತಿದ್ದೇನೆ. ಗಾಲಿಕುರ್ಚಿಗೂ ಇದೇ ಮಾತು. ಐದು ವರ್ಷದ ಮಗುವನ್ನು ದೊಡ್ಡವರ ಕುರ್ಚಿಯಲ್ಲಿ ಕೂರಿಸಿದರೆ ಬೆನ್ನು ಡೊಂಕಾಗುತ್ತದೆ, ಕೂತ ಜಾಗದಲ್ಲಿ ಹುಣ್ಣಾಗುತ್ತದೆ.

ಮಾನ್ಯ ನಿರ್ದೇಶಕರೇ, ಸರ್ಕಾರದಿಂದ ಹೊಸ ಸಲಕರಣೆ ಉಚಿತವಾಗಿ ಕೊಡುತ್ತೇವಲ್ಲ, ಹಳೆಯದು ಯಾಕೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ವಿಕಲಚೇತನರಿಗೆ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಕಾನ್ಪುರದಲ್ಲಿ 1972ರಲ್ಲಿ ಸ್ಥಾಪನೆಯಾದ ಅಲಿಮ್ಕೋ ಸಂಸ್ಥೆ ಸಲಕರಣೆ ತಯಾರಿಸುತ್ತದೆ, ಬೆಂಗಳೂರಿನಲ್ಲೂ ಅದರ ಘಟಕ ಇದೆ. ಶಿಬಿರಗಳು ನಡೆಯುತ್ತವೆ, ಜನರಿಗೆ ಉಪಯೋಗ ಆಗಿದೆ. ಆದರೆ ಅಡಿಪ್ ನಿಯಮದ ಪ್ರಕಾರ ಒಮ್ಮೆ ಪಡೆದವರು ಅದೇ ಸಲಕರಣೆಗೆ ಮೂರು ವರ್ಷ ಕಾಯಬೇಕು, 12 ವರ್ಷದೊಳಗಿನ ಮಕ್ಕಳು ಒಂದು ವರ್ಷ. ದೇಹ ಈ ನಿಯಮ ಕೇಳುವುದಿಲ್ಲ. ಕಾಲು ಕತ್ತರಿಸಿದ ಮೊದಲ ವರ್ಷದಲ್ಲಿ ಸ್ಟಂಪಿನ ಬಾವು ಇಳಿದು ಅದು ಸಣ್ಣಗಾಗುತ್ತದೆ, ಮೊದಲ ಸಾಕೆಟ್ ಕೆಲವೇ ತಿಂಗಳಲ್ಲಿ ಸಡಿಲವಾಗುತ್ತದೆ. ಮಗುವಿನ ಕಾಲು ವರ್ಷ ತುಂಬುವವರೆಗೆ ಬೆಳೆಯದೆ ನಿಲ್ಲುವುದಿಲ್ಲ. ಇನ್ನು ಆದಾಯದ ಮಿತಿಗಿಂತ ಸ್ವಲ್ಪ ಮೇಲಿದ್ದು, ಹೊಸ ಮಂಡಿ ಜಾಯಿಂಟ್ ಕೊಳ್ಳಲು ಆಗದವರು ಎಷ್ಟೋ ಜನ. ಈ ಸಂದುಗಳಲ್ಲಿ ಬೀಳುವವರಿಗೆ ಬಳಸಿದ ಭಾಗ ಬೇಕಾಗಿರುವುದು.

ಒಂದು ವಿಷಯ ಸ್ಪಷ್ಟ ಮಾಡುತ್ತೇನೆ. ಹಳೆಯದು ಸಿಗುತ್ತದೆ ಅಂತ ಹೊಸದನ್ನು ಕಡಿಮೆ ಮಾಡುವುದಕ್ಕೆ ನನ್ನ ಪತ್ರ ಕಾರಣ ಆಗಬಾರದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದು ಹಕ್ಕಿನ ಮಾತು. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರು ಅಂತ ಲೆಕ್ಕ ಸಿಕ್ಕಿತ್ತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2022ರಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ 250 ಕೋಟಿಗಿಂತ ಜಾಸ್ತಿ ಜನರಿಗೆ ಕನ್ನಡಕದಿಂದ ಹಿಡಿದು ಗಾಲಿಕುರ್ಚಿವರೆಗೆ ಏನಾದರೂ ಒಂದು ಸಲಕರಣೆ ಬೇಕು, ಸುಮಾರು 100 ಕೋಟಿ ಜನರಿಗೆ ಅದು ಸಿಗುತ್ತಿಲ್ಲ. ಅಟ್ಟದ ಮೇಲಿನ ಕಾಲುಗಳಿಂದ ಈ ಕೊರತೆ ತುಂಬುವುದಿಲ್ಲ ಅಂತ ನನಗೂ ಗೊತ್ತು. ಆದರೆ ಇರುವ ಒಳ್ಳೆಯ ಜಾಯಿಂಟ್ ತುಕ್ಕು ಹಿಡಿಯಲು ಬಿಡುವುದು ಯಾವ ನ್ಯಾಯ?

ಬೇರೆ ಕಡೆ ಹೇಗೆ ಮಾಡುತ್ತಾರೆ ನೋಡಿ. ಬ್ರಿಟನ್ನಿನಲ್ಲಿ ಒಬ್ಬರು ಬಳಸಿ ಬಿಟ್ಟ ಕೃತಕ ಕಾಲನ್ನು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಇನ್ನೊಬ್ಬ ರೋಗಿಗೆ ಹಾಕುವುದಿಲ್ಲ. ಲೆಗ್ಸ್‌ಫಾರ್‌ಆಫ್ರಿಕಾ ಅನ್ನುವ ಸಂಸ್ಥೆ ಅಂಥ ಕಾಲುಗಳನ್ನು ಸಂಗ್ರಹಿಸಿ, ಭಾಗ ಬಿಚ್ಚಿ ವಿಂಗಡಿಸಿ, ಗ್ಯಾಂಬಿಯಾದಂಥ ದೇಶಗಳ ಕೇಂದ್ರಗಳಿಗೆ ಕಳಿಸುತ್ತದೆ. ಸಾಕೆಟ್ಟನ್ನು ಅಲ್ಲಿಯವರೇ ಹೊಸದಾಗಿ ಮಾಡುತ್ತಾರೆ. ನಮ್ಮ ಪಕ್ಕದ ಕೇರಳದಲ್ಲಿ ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಪ್ಯಾಲಿಯೇಟಿವ್ ಕೇರ್ ಘಟಕಗಳು ಗಾಲಿಕುರ್ಚಿ, ಏರ್ ಬೆಡ್ಡು, ವಾಕರ್‌ಗಳನ್ನು ಮನೆಗೆ ಕೊಟ್ಟು, ಕೆಲಸ ಮುಗಿದ ಮೇಲೆ ವಾಪಸ್ ತೆಗೆದುಕೊಂಡು, ಮುಂದಿನವರಿಗೆ ಕೊಡುತ್ತಾ ಬಂದಿವೆ. 2008ರಲ್ಲೇ ಪ್ಯಾಲಿಯೇಟಿವ್ ಕೇರ್‌ಗೆ ಅಂತ ನೀತಿ ಮಾಡಿದ ರಾಜ್ಯ ಅದು. ನಮ್ಮ ಬೆಂಗಳೂರಿನಲ್ಲೂ ತಿಳಿವಳಿಕೆಗೆ ಕೊರತೆ ಇಲ್ಲ. 1959ರಿಂದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇದೆ. 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ ಈ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತದೆ. ಇಂಥವರನ್ನು ಕೂರಿಸಿಕೊಂಡು ನಿಯಮ ಬರೆಸಿ. ಬೆಂಗಳೂರಲ್ಲಿ ಇರುವುದು ಬಳ್ಳಾರಿ, ಬೀದರ್, ಚಾಮರಾಜನಗರಕ್ಕೂ ಬರಬೇಕು, ಅಷ್ಟೇ ನನ್ನ ಕೇಳಿಕೆ.

ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದವರು ಬರುವಾಗ ಸೂಟ್‌ಕೇಸಿನಲ್ಲಿ ತರುತ್ತೇವೆ ಅಂತ ಕೇಳುತ್ತಾರೆ. ನಿಮ್ಮ ಮನಸ್ಸು ದೊಡ್ಡದು. ಆದರೆ ಮೊದಲು ಇಲ್ಲಿ ಕಟ್ಟುವವರನ್ನು ಕೇಳಿ, ಆಮೇಲೆ ತನ್ನಿ. ಸಾಕೆಟ್, ಲೈನರ್ ತರಬೇಡಿ. ಕಂಪ್ಯೂಟರ್ ಇರುವ ಮಂಡಿ ಜಾಯಿಂಟ್‌ಗೆ ಬ್ಯಾಟರಿ, ಚಾರ್ಜರ್, ಕಂಪನಿಯ ಸಾಫ್ಟ್‌ವೇರ್, ಸರ್ವಿಸ್ ಎಲ್ಲ ಬೇಕು. ಅದಿಲ್ಲದೆ ಲಕ್ಷಗಟ್ಟಲೆ ಬೆಲೆಯ ಜಾಯಿಂಟ್ ಕೂಡ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಸಾದಾ ಮಂಡಿ ಜಾಯಿಂಟ್, ಅಡಾಪ್ಟರ್, ಒಳ್ಳೆಯ ಸ್ಥಿತಿಯ ಪಾದ, ಇವುಗಳ ಮಾಡೆಲ್ ನಂಬರ್ ಸಮೇತ ಬಂದರೆ ಉಪಯೋಗ.

ಈಗ ಕೋಣೆಯ ವಿಷಯ. ಎಲ್ಲ ಹೊಸದಾಗಿ ಕಟ್ಟಬೇಕಾಗಿಲ್ಲ. ಜಿಲ್ಲೆಗೊಬ್ಬರು ವಿಕಲಚೇತನರ ಕಲ್ಯಾಣಾಧಿಕಾರಿ ಇದ್ದಾರೆ. ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು), ಗ್ರಾಮ ಪಂಚಾಯಿತಿಗೆ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇದ್ದಾರೆ. ಯಾರ ಮನೆಯಲ್ಲಿ ಏನಿದೆ, ಯಾರಿಗೆ ಏನು ಬೇಕು ಅಂತ ಕಡತಕ್ಕಿಂತ ಚೆನ್ನಾಗಿ ಅವರಿಗೆ ಗೊತ್ತು, ಎಷ್ಟೋ ಜನ ಸ್ವತಃ ಊರುಗೋಲು ಹಿಡಿದು ಓಡಾಡುವವರು. ಅವರು ಊರಿಂದ ಸಂಗ್ರಹಿಸಿ ಜಿಲ್ಲಾ ಪುನರ್ವಸತಿ ಕೇಂದ್ರಕ್ಕೋ ಜಿಲ್ಲಾ ಆಸ್ಪತ್ರೆಗೋ ತಲುಪಿಸಲಿ. ಆದರೆ ಅವರಿಗೆ ಬರುವ ಗೌರವಧನದಲ್ಲೇ ಇದನ್ನೂ ಮಾಡಿ ಅಂತ ಹೇರಬೇಡಿ. ಬಸ್ಸಿನ ಖರ್ಚು ಬೇರೆ ಕೊಡಿ. ಕೋಣೆಯಲ್ಲಿ ತರಬೇತಾದ ಒಬ್ಬ ತಂತ್ರಜ್ಞ, ಒಂದು ಮೇಜು, ಸಲಕರಣೆ, ಹೊಲಿಗೆ ಯಂತ್ರ, ತೊಳೆಯಲು ನೀರು, ಬೀಗ ಇರುವ ಕಪಾಟು, ಒಂದು ರಿಜಿಸ್ಟರ್. ಬಂದ ಪ್ರತಿ ಭಾಗಕ್ಕೂ ನಂಬರ್ ಚೀಟಿ. ಯಾರು ಪರೀಕ್ಷೆ ಮಾಡಿದರು, ಯಾವಾಗ, ಯಾರಿಗೆ ಹಾಕಿದರು, ಮುಂದೆ ಯಾವಾಗ ನೋಡಬೇಕು ಅಂತ ಬರೆದಿರಬೇಕು. ಅನುಮಾನ ಬಂದದ್ದನ್ನು ಮುಲಾಜಿಲ್ಲದೆ ತೆಗೆದುಹಾಕುವ ಅಧಿಕಾರ ಆ ತಂತ್ರಜ್ಞನಿಗೆ ಇರಬೇಕು.

ಜವಾಬ್ದಾರಿ ಯಾರದ್ದು ಅಂತಲೂ ಬರೆದುಕೊಡಿ. ಕೊಟ್ಟ ಮನೆಯವರ ಮೇಲೆ ಬರಬಾರದು, ನಿಯಮ ಪಾಲಿಸಿ ಕಟ್ಟಿದ ತಂತ್ರಜ್ಞನ ಮೇಲೂ ಬರಬಾರದು. ಈ ಒಂದು ಭಯಕ್ಕೇ ನನ್ನಂಥ ಎಷ್ಟೋ ಜನ, ಭಾಗ ಚೆನ್ನಾಗಿದೆ ಅಂತ ಗೊತ್ತಿದ್ದೂ, ಬೇಡ ಅಂತ ವಾಪಸ್ ಕಳಿಸುತ್ತಾರೆ. ಹಾಗೆಯೇ, ತೆಗೆದುಕೊಳ್ಳುವವರಿಗೆ ಇದು ಬಳಸಿದ್ದು ಅಂತ ಮೊದಲೇ ಹೇಳಬೇಕು. ಸತ್ತವರದ್ದು ನನಗೆ ಬೇಡ ಅನ್ನುವವರು ಇದ್ದಾರೆ, ಬೇಡ ಅನ್ನುವ ಹಕ್ಕು ಅವರಿಗಿದೆ. ಬೇಡ ಅಂದಿದ್ದಕ್ಕೆ ಹೊಸದರ ಸರದಿಯಿಂದ ಅವರ ಹೆಸರು ತೆಗೆಯಬಾರದು.

ಮನೆಯಲ್ಲಿ ಇಟ್ಟುಕೊಂಡಿರುವವರು ಅಲ್ಲಿಯವರೆಗೆ ಏನು ಮಾಡಬೇಕು ಅಂತಲೂ ಹೇಳಿಬಿಡುತ್ತೇನೆ. ನೀವೇ ಬಿಚ್ಚಬೇಡಿ, ಒಂದು ಸ್ಕ್ರೂ ಕಳೆದರೂ ಕಷ್ಟ. ಒದ್ದೆ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಇಡಬೇಡಿ. ಎಡಗಾಲೋ ಬಲಗಾಲೋ, ಯಾವ ವರ್ಷ ಹಾಕಿಸಿದ್ದು, ಬಳಸಿದವರ ತೂಕ ಸುಮಾರು ಎಷ್ಟು, ಎಷ್ಟು ಓಡಾಡುತ್ತಿದ್ದರು ಅಂತ ಚೀಟಿ ಬರೆದು ಕಟ್ಟಿ. ಬಿಲ್ಲು, ಕಾರ್ಡು ಇದ್ದರೆ ಜೊತೆಗೇ ಇಡಿ. ಮಗುವಿನ ಶೂ ಆದರೆ ಎರಡನ್ನೂ ಕಂಬಿ ಸಮೇತ ಇಡಿ. ಅದನ್ನು ಮಾಡಿಕೊಟ್ಟ ಕೇಂದ್ರಕ್ಕೇ ಮೊದಲು ಫೋನ್ ಮಾಡಿ, ಅವರಿಗೆ ಅದರ ಚರಿತ್ರೆ ಗೊತ್ತಿರುತ್ತದೆ.

ನಿರ್ದೇಶಕರೇ, ಎಲ್ಲ ಜಿಲ್ಲೆಯಲ್ಲೂ ಒಟ್ಟಿಗೆ ಆಗುವುದು ಕಷ್ಟ ಅನ್ನಿಸಿದರೆ ಒಂದು ಜಿಲ್ಲೆಯಲ್ಲಿ, ಮಕ್ಕಳ ಡೊಂಕು ಪಾದದ ಶೂಗಳಿಂದ ಶುರು ಮಾಡಿ. ಅದಕ್ಕೆ ದೊಡ್ಡ ಯಂತ್ರ ಬೇಡ, ಒಂದು ಕಪಾಟು ಮತ್ತು ಗೊತ್ತಿರುವ ಒಬ್ಬರು ಸಾಕು. ದಾವಣಗೆರೆಯಲ್ಲಿ ಮಾಡುವುದಾದರೆ ಭಾನುವಾರಗಳಲ್ಲಿ ನಾನು ಬಂದು ಕೂರುತ್ತೇನೆ, ಸಂಬಳ ಬೇಡ. ಹೊಸಬರಿಗೆ ಕೋನ ಹೊಂದಿಸುವುದು, ಮೆತ್ತೆ ಬದಲಿಸುವುದು, ಯಾವುದನ್ನು ಕಸಕ್ಕೆ ಹಾಕಬೇಕು ಅಂತ ನೋಡುವುದು ಕಲಿಸಿಕೊಡುತ್ತೇನೆ. ಯಾವ ಕೋಣೆ, ಯಾವ ತಿಂಗಳಿಂದ ಅಂತ ತಿಳಿಸಿ.

ಇಂತಿ,
ಕೃತಕ ಕಾಲು, ಕ್ಯಾಲಿಪರ್ ಕಟ್ಟುವ ಒಬ್ಬ ತಂತ್ರಜ್ಞ
ದಾವಣಗೆರೆ